ಅಟ್ಟದ ಡಬ್ಬಿಯಲ್ಲಿ ಒಲಿಂಪಿಕ್ ನಾಲ್ಕಾಣೆ: ಲಕ್ಷದ ಮಾತೋ, ಚಿಲ್ಲರೆಯ ಮಾತೋ?

ಪ್ರಶ್ನೆ: "ನಾನು ಕುಂದಾಪುರ ತಾಲ್ಲೂಕಿನ ನಿವೃತ್ತ ಶಾಲಾ ಶಿಕ್ಷಕ. ಮಗಳು, ಅಳಿಯ 2007ರಿಂದ ಐದು ವರ್ಷ ಕೆನಡಾದ ವ್ಯಾಂಕೂವರ್ ಹತ್ತಿರ ಇದ್ದರು. ಊರಿಗೆ ಮರಳುವಾಗ ಕೈಯಲ್ಲಿ ಉಳಿದಿದ್ದ ಚಿಲ್ಲರೆಯನ್ನೆಲ್ಲ ಒಂದು ಬಿಸ್ಕತ್ತಿನ ಡಬ್ಬಿಗೆ ಸುರಿದು ತಂದಿದ್ದರು. ಮೊನ್ನೆ ಅಟ್ಟ ಗುಡಿಸುವಾಗ ಆ ಡಬ್ಬಿ ಸಿಕ್ಕಿತು. ಎಣಿಸಿದರೆ 25 ಸೆಂಟಿನವು 186, ಒಂದು ಡಾಲರಿನವು 7. 25 ಸೆಂಟಿನ ಬಹುಪಾಲು ನಾಣ್ಯಗಳಲ್ಲಿ ಹಿಮದ ಮೇಲೆ ಜಾರುವವರು, ಮಂಜುಗಡ್ಡೆಯ ಮೇಲೆ ಕಲ್ಲು ಬಿಡುವವರು, ಹಾಕಿ ಆಡುವವರು ಇದ್ದಾರೆ. ಮೊಬೈಲಿನಲ್ಲಿ ಬಂದ ಒಂದು ವಿಡಿಯೊದಲ್ಲಿ 'ಒಲಿಂಪಿಕ್ ನಾಣ್ಯವಿದ್ದರೆ ಐದು ಲಕ್ಷ' ಎಂದು ಹೇಳಿದರು. ಅಲ್ಲಿ ಕೊಟ್ಟಿದ್ದ ಸಂಖ್ಯೆಗೆ ಫೋನ್ ಮಾಡಿದೆ. ರಿಸರ್ವ್ ಬ್ಯಾಂಕಿನ ಪ್ರಮಾಣಪತ್ರ ಮಾಡಿಸಬೇಕು, ಮೊದಲು 2,150 ರೂಪಾಯಿ ಕಟ್ಟಿ ಎಂದರು. ಇನ್ನೂ ಕಟ್ಟಿಲ್ಲ. ಪಕ್ಕದ ಮನೆಯವರು ಅಯಸ್ಕಾಂತ ಹಿಡಿದು 'ಇದು ಬರೀ ಕಬ್ಬಿಣ, ನಕಲಿ' ಎಂದುಬಿಟ್ಟರು. ಹಾಕಿಯ ನಾಣ್ಯಗಳಲ್ಲಿ ಒಂದರ ಮೇಲೆ ಕೆಂಪು ಬಣ್ಣವಿದೆ, ಉಳಿದವುಗಳ ಮೇಲೆ ಇಲ್ಲ. ಬಣ್ಣ ಇಲ್ಲದಿರುವುದು ಅಪರೂಪದ ದೋಷವೇ? ನಾಲ್ಕೈದು ನಾಣ್ಯಗಳನ್ನು ಹುಣಸೆಹಣ್ಣು ಹಾಕಿ ತಿಕ್ಕಿದ್ದೇನೆ. ಇಷ್ಟು ವಿದೇಶಿ ಹಣ ಮನೆಯಲ್ಲಿ ಇಟ್ಟುಕೊಂಡರೆ ಕಾನೂನಿನ ತೊಂದರೆ ಬರುತ್ತದೆಯೇ? ಆರು ಫೋಟೊ ಕಳುಹಿಸಿದ್ದೇನೆ. ಏನು ಮಾಡಬೇಕೆಂದು ತಿಳಿಸಿ."

ಉತ್ತರ: ಮೇಷ್ಟ್ರೇ, ಆ 2,150 ರೂಪಾಯಿ ಕಟ್ಟದೆ ಕೈ ತಡೆದಿರಲ್ಲ, ಈ ಡಬ್ಬಿಯ ವ್ಯವಹಾರದಲ್ಲಿ ನಿಮಗೆ ಈವರೆಗೆ ಆಗಿರುವ ದೊಡ್ಡ ಲಾಭ ಅದೇ. ನೀವು ಕೊಟ್ಟ ಲೆಕ್ಕದ ಪ್ರಕಾರ ಡಬ್ಬಿಯಲ್ಲಿರುವುದು 53 ಡಾಲರ್ 50 ಸೆಂಟ್, ಅಂದರೆ ಮೂರು ಸಾವಿರದ ಮೇಲೆ ಸ್ವಲ್ಪ ರೂಪಾಯಿ. ಅದನ್ನು ಮಾರಿಸಿಕೊಡಲು ಎರಡು ಸಾವಿರದ ಮೇಲೆ ಕೇಳುವವನಿಗೆ ನಾಣ್ಯದ ಮೇಲೆ ಆಸೆ ಇಲ್ಲ, ನಿಮ್ಮ ಬ್ಯಾಂಕ್ ಖಾತೆಯ ಮೇಲೆ ಇದೆ.

ಈ ಆಟ ಹೇಗೆ ಸಾಗುತ್ತದೆ ಎಂಬುದನ್ನು ನನ್ನ ನಾಣ್ಯದ ಅಂಗಡಿಗೆ ಬಂದು ಕಣ್ಣೀರು ಹಾಕಿದವರ ಬಾಯಿಂದಲೇ ಕೇಳಿದ್ದೇನೆ. ಮೊದಲು ನೋಂದಣಿ ಶುಲ್ಕ. ಅದು ಕಟ್ಟಿದ ಮೇಲೆ ಜಿಎಸ್‌ಟಿ. ಆಮೇಲೆ ಹಣ ತರುವ ವಾಹನಕ್ಕೆ ವಿಮೆ. ನಡುವೆ ಎಲ್ಲೋ ಒಮ್ಮೆ ನೋಟಿನ ಕಂತೆಗಳ ವಿಡಿಯೊ, "ನಿಮ್ಮ ಹೆಸರಿಗೆ ಪ್ಯಾಕ್ ಆಗುತ್ತಿದೆ" ಎಂಬ ಧ್ವನಿಯೊಂದಿಗೆ. ಕೊಟ್ಟ ಎರಡು ಸಾವಿರ ಹೋಗಬಾರದು ಎಂದು ಜನ ಇನ್ನೆಂಟು ಸಾವಿರ ಕಟ್ಟುತ್ತಾರೆ. ರಿಸರ್ವ್ ಬ್ಯಾಂಕ್ ತಾನು ಹಳೆಯ ನೋಟು, ನಾಣ್ಯಗಳ ಇಂಥ ವ್ಯವಹಾರ ಮಾಡುವುದಿಲ್ಲ, ಅದಕ್ಕಾಗಿ ಶುಲ್ಕವನ್ನಾಗಲಿ ಕಮಿಷನ್ ಅನ್ನಾಗಲಿ ಕೇಳುವುದಿಲ್ಲ, ತನ್ನ ಹೆಸರಿನಲ್ಲಿ ಕೇಳಲು ಯಾರಿಗೂ ಅಧಿಕಾರ ಕೊಟ್ಟಿಲ್ಲ ಎಂದು 2021ರ ಆಗಸ್ಟ್‌ನಲ್ಲಿಯೇ ಹೇಳಿಕೆ ಕೊಟ್ಟಿದೆ. ಅಷ್ಟಕ್ಕೂ ಕೆನಡಾ ಸರ್ಕಾರ ಹೊರಡಿಸಿದ ನಾಣ್ಯಕ್ಕೆ ಮುಂಬಯಿಯಿಂದ ಪ್ರಮಾಣಪತ್ರ ಯಾಕೆ ಬೇಕು? ಆ ಸಂಖ್ಯೆಯಿಂದ ಮತ್ತೆ ಕರೆ ಬಂದರೆ ಎತ್ತಬೇಡಿ. ಆಧಾರ್ ಪ್ರತಿಯನ್ನೋ ಬ್ಯಾಂಕ್ ವಿವರವನ್ನೋ ಮಾತಿನ ನಡುವೆ ಕಳುಹಿಸಿದ್ದರೆ ಬ್ಯಾಂಕಿಗೆ ಇವತ್ತೇ ತಿಳಿಸಿ, ಸೈಬರ್ ವಂಚನೆಯ 1930 ಸಹಾಯವಾಣಿಗೂ ಹೇಳಿ.

ಇನ್ನು ನಾಣ್ಯಗಳು. ನಿಮ್ಮ ಫೋಟೊಗಳಲ್ಲಿ ಕಾಣುವುದು ಅಸಲಿ ನಾಣ್ಯಗಳು, ಅದರಲ್ಲಿ ಸಂಶಯ ಬೇಡ. 2010ರ ಫೆಬ್ರುವರಿಯಲ್ಲಿ ವ್ಯಾಂಕೂವರಿನಲ್ಲಿ ಚಳಿಗಾಲದ ಒಲಿಂಪಿಕ್ಸ್, ಮಾರ್ಚ್‌ನಲ್ಲಿ ಪ್ಯಾರಾಲಿಂಪಿಕ್ಸ್ ನಡೆಯಿತು. ಅದಕ್ಕೆ ಮೂರು ವರ್ಷ ಮೊದಲೇ, 2007ರಲ್ಲಿ, ರಾಯಲ್ ಕೆನಡಿಯನ್ ಮಿಂಟ್ ಎಂಬ ಅಲ್ಲಿನ ಸರ್ಕಾರಿ ಟಂಕಸಾಲೆ ಚಲಾವಣೆಯ ನಾಣ್ಯಗಳಲ್ಲಿಯೇ ಈ ಕ್ರೀಡೆಗಳನ್ನು ಮೂಡಿಸತೊಡಗಿತು. ಮೊದಲು ಬಂದದ್ದು ಕರ್ಲಿಂಗ್, ನೀವು 'ಕಲ್ಲು ಬಿಡುವುದು' ಎಂದಿರಲ್ಲ, ಅದು. ಅದೇ ವರ್ಷ ಐಸ್ ಹಾಕಿ, ವೀಲ್‌ಚೇರ್ ಕರ್ಲಿಂಗ್, ಬಯಾತ್ಲಾನ್, ಆಲ್ಪೈನ್ ಸ್ಕೀಯಿಂಗ್. 2008ರಲ್ಲಿ ಸ್ನೋಬೋರ್ಡಿಂಗ್, ಫ್ರೀಸ್ಟೈಲ್ ಸ್ಕೀಯಿಂಗ್, ಫಿಗರ್ ಸ್ಕೇಟಿಂಗ್, ಬಾಬ್‌ಸ್ಲೆ. ಆಮೇಲೆ ಕ್ರಾಸ್ ಕಂಟ್ರಿ ಸ್ಕೀಯಿಂಗ್, ಸ್ಪೀಡ್ ಸ್ಕೇಟಿಂಗ್, ಐಸ್ ಸ್ಲೆಡ್ಜ್ ಹಾಕಿ. ಒಟ್ಟು ಹನ್ನೆರಡು ಆಟ, ಅದರಲ್ಲಿ ಎರಡು ಪ್ಯಾರಾಲಿಂಪಿಕ್ಸಿನವು. ಇವುಗಳ ಜೊತೆಗೆ 2009ರ ಇನ್ನೂ ಮೂರು ನಾಣ್ಯಗಳು: 2002ರಲ್ಲಿ ಚಿನ್ನ ಗೆದ್ದ ಪುರುಷರ ಹಾಕಿ ತಂಡ, ಅದೇ ವರ್ಷ ಚಿನ್ನ ಗೆದ್ದ ಮಹಿಳೆಯರ ಹಾಕಿ ತಂಡ, 2006ರ ಟುರಿನ್ ಕೂಟದಲ್ಲಿ ಒಬ್ಬಳೇ ಐದು ಪದಕ ತಂದ ಸ್ಪೀಡ್ ಸ್ಕೇಟರ್ ಸಿಂಡಿ ಕ್ಲಾಸೆನ್. ಹೀಗೆ 25 ಸೆಂಟಿನವು ಹದಿನೈದು, ಅವುಗಳ ಜೊತೆ ಒಂದು ಡಾಲರಿನವು ಎರಡು.

ನಮ್ಮ ದೇಶಕ್ಕೂ ಇದರಲ್ಲಿ ಒಂದು ಎಳೆ ಇದೆ, ಆದರೆ ಸಿಕ್ಕೂ ಸಿಗದಂಥದ್ದು. ವ್ಯಾಂಕೂವರಿಗೆ ಭಾರತದಿಂದ ಹೋದವರು ಮೂವರೇ. ಅವರಲ್ಲಿ ಎಲ್ಲರಿಗೂ ಗೊತ್ತಿದ್ದ ಹೆಸರು ಶಿವ ಕೇಶವನ್, ಅವರ ಆಟ ಲೂಜ್, ಅಂದರೆ ಜಾರುಬಂಡಿಯ ಮೇಲೆ ಅಂಗಾತ ಮಲಗಿ ಮಂಜುಗಡ್ಡೆಯ ಹಾದಿಯಲ್ಲಿ ಇಳಿಯುವುದು. ಹನ್ನೆರಡರ ಪಟ್ಟಿಯಲ್ಲಿ ಲೂಜ್ ಇಲ್ಲ, ಅದಕ್ಕೆ ನಾಣ್ಯವೇ ಬರಲಿಲ್ಲ.

ಅಲ್ಲಿನವರು 25 ಸೆಂಟಿಗೆ 'ಕ್ವಾರ್ಟರ್' ಎನ್ನುತ್ತಾರೆ. ನಮ್ಮ ಹಳೆಯ ಲೆಕ್ಕದಲ್ಲಿ ಅದು ನಾಲ್ಕಾಣೆ. ನಾನು ಹಾಗೇ ಕರೆಯುತ್ತೇನೆ, ಯಾಕೆಂದರೆ ಆ ಪದ ಬಾಯಿಗೆ ಬಂದ ಕೂಡಲೇ ಅದರ ಸ್ಥಾನವೂ ಮನಸ್ಸಿಗೆ ಬರುತ್ತದೆ. ಬಸ್ಸಿನ ಟಿಕೆಟಿಗೆ, ಬಟ್ಟೆ ಒಗೆಯುವ ಯಂತ್ರಕ್ಕೆ, ಕಾಫಿಯ ಅಂಗಡಿಯಲ್ಲಿ ಮರಳಿ ಬಂದ ಚಿಲ್ಲರೆಗೆ ಇರುವ ನಾಣ್ಯ ಅದು. ಈ ಹದಿನೈದು ಬಗೆಗಳಲ್ಲಿ ಒಂದೊಂದನ್ನೂ ಸುಮಾರು 2.2 ಕೋಟಿಯಷ್ಟು ಹೊಡೆದರು. ಆಗ ಕೆನಡಾದ ಜನಸಂಖ್ಯೆ ಹತ್ತಿರ ಹತ್ತಿರ 3.3 ಕೋಟಿ. ಮೂವರಿಗೆ ಎರಡರಂತೆ ಹಂಚಬಹುದಾದಷ್ಟು ನಾಣ್ಯ, ಅದೂ ಒಂದೊಂದು ಬಗೆಯದು. ಐದು ಲಕ್ಷದ ಮಾತು ಬಂದಾಗಲೆಲ್ಲ ಈ 2.2 ಕೋಟಿಯನ್ನು ಪಕ್ಕದಲ್ಲಿಟ್ಟು ನೋಡಿ.

ಆ ಐದು ಲಕ್ಷ ಎಲ್ಲಿಂದ ಹುಟ್ಟಿತು ಎಂದರೆ, ಸ್ಮರಣಾರ್ಥ ನಾಣ್ಯ ಎಂಬ ಒಂದೇ ಹೆಸರಿನಡಿ ಎರಡು ಬೇರೆ ಜಾತಿಗಳಿವೆ. ಇದೇ ವ್ಯಾಂಕೂವರ್ ಕೂಟಕ್ಕೆ ಮಿಂಟ್ 25 ಡಾಲರ್ ಮುಖಬೆಲೆಯ ಬೆಳ್ಳಿ ನಾಣ್ಯಗಳನ್ನೂ 75 ಡಾಲರಿನ ಚಿನ್ನದ ನಾಣ್ಯಗಳನ್ನೂ ಮಾಡಿ, ಡಬ್ಬಿಯಲ್ಲಿಟ್ಟು, ಸಂಗ್ರಾಹಕರಿಗೆಂದೇ ಮಾರಿತು. ಅವುಗಳಲ್ಲಿ ಲೋಹಕ್ಕೇ ಬೆಲೆ ಇದೆ, ಸಂಖ್ಯೆಯೂ ಕಡಿಮೆ. ವಿಡಿಯೊ ಮಾಡುವವರು ಅದರ ಬೆಲೆಯನ್ನು ಇನ್ನಷ್ಟು ಉಬ್ಬಿಸಿ ಇದರ ಚಿತ್ರಕ್ಕೆ ಅಂಟಿಸುತ್ತಾರೆ. ನಿಮ್ಮ ಮಗಳ ಕೈಗೆ ಅಂಗಡಿಯವನು ಕೊಟ್ಟ ಚಿಲ್ಲರೆಯಲ್ಲಿ ಬೆಳ್ಳಿ ನಾಣ್ಯ ಬಂದಿರಲಾರದು.

ಸರ್ಕಾರಗಳು ಇಂಥ ನಾಲ್ಕಾಣೆಗಳನ್ನು ಯಾಕೆ ಹೊರತರುತ್ತವೆ ಎಂಬುದನ್ನೂ ಹೇಳಿಬಿಡುತ್ತೇನೆ. ಮುಖಬೆಲೆಗಿಂತ ಕಡಿಮೆ ಖರ್ಚಿನಲ್ಲಿ ನಾಣ್ಯ ತಯಾರಾಗುತ್ತದೆ, ನಡುವಿನ ವ್ಯತ್ಯಾಸ ಸರ್ಕಾರದ್ದು. ಮಾಮೂಲು ನಾಣ್ಯ ಸುತ್ತಿ ಸುತ್ತಿ ಬ್ಯಾಂಕಿಗೆ ಮರಳುತ್ತದೆ. ಚಿತ್ರ ಚೆನ್ನಾಗಿದೆ ಎಂದು ಜನ ಎತ್ತಿಟ್ಟುಕೊಂಡ ನಾಣ್ಯ ಮರಳುವುದಿಲ್ಲ. ಆ ಲೆಕ್ಕದಲ್ಲಿ ನಿಮ್ಮ ಮಗಳು ಕೆನಡಾ ಸರ್ಕಾರಕ್ಕೆ ಇಷ್ಟು ವರ್ಷ 53 ಡಾಲರ್ 50 ಸೆಂಟ್ ಬಡ್ಡಿರಹಿತ ಸಾಲ ಕೊಟ್ಟಿದ್ದಾರೆ. ಆಕೆಗೆ ಇದನ್ನು ಹೇಳಿ, ನಗುತ್ತಾರೆ.

ಈಗ ನಿಮ್ಮ ಪಕ್ಕದ ಮನೆಯವರ ಅಯಸ್ಕಾಂತ. ಅವರು ನೋಡಿದ್ದು ಸರಿ, ತೀರ್ಪು ತಪ್ಪು. ಈ ನಾಣ್ಯದ ನೂರಕ್ಕೆ 94 ಭಾಗ ಉಕ್ಕೇ. ಮೇಲೆ ತಾಮ್ರ ಮತ್ತು ನಿಕಲ್‌ನ ತೆಳು ಪದರಗಳಿವೆ. ತೂಕ 4.4 ಗ್ರಾಂ, ಅಗಲ 23.88 ಮಿಲಿಮೀಟರ್. ವಿನ್ನಿಪೆಗ್‌ನ ಕಾರ್ಖಾನೆಯಲ್ಲಿ ಹೊಡೆದದ್ದು. ಅಯಸ್ಕಾಂತಕ್ಕೆ ಅಂಟದಿದ್ದರೆ ನಾನು ಸಂಶಯಪಡುತ್ತಿದ್ದೆ. ನಿಮ್ಮ ಜೇಬಿನಲ್ಲಿರುವ ಉಕ್ಕಿನ ಒಂದು ರೂಪಾಯಿ, ಎರಡು ರೂಪಾಯಿ ನಾಣ್ಯಗಳೂ ಅಂಟುತ್ತವೆ, ಅವರಿಗೆ ತೋರಿಸಿ.

ಆದರೂ ಆ ಅಯಸ್ಕಾಂತವನ್ನು ಒಂದು ಸಂಜೆಗೆ ಕಡ ಕೇಳಿ. ಅದರಿಂದ ಬೇರೊಂದು ಕೆಲಸವಿದೆ. ಡಬ್ಬಿಯಲ್ಲಿ 'ಬಹುಪಾಲು' ಕ್ರೀಡೆಯ ನಾಣ್ಯಗಳು ಎಂದಿರಿ, ಅಂದರೆ ಉಳಿದವು ಮಾಮೂಲು ನಾಲ್ಕಾಣೆಗಳು. ಕೆನಡಾದ 25 ಸೆಂಟ್ ಒಂದು ಕಾಲದಲ್ಲಿ ಬೆಳ್ಳಿಯದಾಗಿತ್ತು. 1920ರಿಂದ 1966ರವರೆಗೆ ನೂರಕ್ಕೆ ಎಂಬತ್ತು ಭಾಗ ಬೆಳ್ಳಿ. 1967 ಮತ್ತು 1968ರಲ್ಲಿ ಬೆಳ್ಳಿಯ ಪ್ರಮಾಣ ಇಳಿಯುತ್ತ ಬಂದು, ಕೊನೆಗೆ ಶುದ್ಧ ನಿಕಲ್ ಬಂತು, 2000ದ ಹೊತ್ತಿಗೆ ಉಕ್ಕು. ನಿಕಲ್ ಕೂಡ ಅಯಸ್ಕಾಂತಕ್ಕೆ ಅಂಟುತ್ತದೆ, ಬೆಳ್ಳಿ ಅಂಟುವುದಿಲ್ಲ. 186ನ್ನೂ ತಟ್ಟೆಗೆ ಸುರಿದು ಅಯಸ್ಕಾಂತ ಆಡಿಸಿ. ತಟ್ಟೆಯಲ್ಲೇ ಉಳಿದದ್ದರ ಇಸವಿ ನೋಡಿ. 1968 ಅಥವಾ ಅದಕ್ಕಿಂತ ಹಿಂದಿನದಾದರೆ ಅದನ್ನು ಬೇರೆ ಇಡಿ. ಎಂಬತ್ತು ಭಾಗದ ನಾಣ್ಯದಲ್ಲಿ ನಾಲ್ಕೂವರೆ ಗ್ರಾಂಗೂ ಮೇಲೆ ಬೆಳ್ಳಿ ಇರುತ್ತದೆ, ಇಂದಿನ ಬೆಳ್ಳಿ ದರದಲ್ಲಿ ಆ ಒಂದೇ ನಾಣ್ಯ ಹತ್ತಾರು ಒಲಿಂಪಿಕ್ ನಾಲ್ಕಾಣೆಗಳಷ್ಟು ಬೆಲೆಯದ್ದು. ಇಂಥ ಡಬ್ಬಿಗಳಲ್ಲಿ ನನಗೆ ಸಿಕ್ಕ ನಿಜವಾದ ಲಾಭವೆಲ್ಲ ಹೀಗೆಯೇ ಸಿಕ್ಕಿದ್ದು. ಜನ ಹಾಕಿ ಆಟಗಾರನನ್ನು ತೋರಿಸಲು ಬರುತ್ತಾರೆ, ಅಡಿಯಲ್ಲಿ ಕಪ್ಪಾಗಿ ಬಿದ್ದಿರುವ ಹಳೆಯ ನಾಣ್ಯವನ್ನು ಯಾರೂ ನೋಡಿರುವುದಿಲ್ಲ.

ಬಣ್ಣದ ವಿಚಾರಕ್ಕೆ ಬರೋಣ. ಎರಡನೆಯ ಫೋಟೊದಲ್ಲಿ ಪುರುಷರ ಹಾಕಿಯ ಮೂರು ನಾಣ್ಯಗಳಿವೆ, ಒಂದರಲ್ಲಿ ಮೇಪಲ್ ಎಲೆ ಕೆಂಪಾಗಿದೆ, ಎರಡು ಬರೀ ಬೆಳ್ಳಗಿವೆ. ಬೆಳ್ಳಗಿರುವವುಗಳಲ್ಲಿ ಬಣ್ಣ ಬಿಟ್ಟುಹೋಗಿಲ್ಲ, ಹಾಕಿಯೇ ಇರಲಿಲ್ಲ. 2009ರ ಆ ಮೂರೂ ನಾಣ್ಯಗಳನ್ನು ಮಿಂಟ್ ಎರಡು ಬಗೆಯಲ್ಲಿ ಬಿಟ್ಟಿತು: ಒಂದೊಂದರಲ್ಲೂ ಸುಮಾರು 30 ಲಕ್ಷಕ್ಕೆ ಬಣ್ಣ, ಉಳಿದ 1.9 ಕೋಟಿಗೆ ಇಲ್ಲ. ಹಾಗಾಗಿ 'ಬಣ್ಣ ತಪ್ಪಿದ ದೋಷದ ನಾಣ್ಯ' ಎಂದು ಯಾರಾದರೂ ಮಾರಲು ಬಂದರೆ ಅವನು ನಿಮಗೆ ಮಾಮೂಲಿ ನಾಣ್ಯವನ್ನೇ ಮಾರುತ್ತಿದ್ದಾನೆ. ಅದರ ಉಲ್ಟಾ ಮೋಸವೂ ಇದೆ. ಹನ್ನೆರಡು ಆಟಗಳ ನಾಣ್ಯಗಳಿಗೆ ಖಾಸಗಿಯವರು ಆಮೇಲೆ ಬಣ್ಣ ಬಳಿದು, ಚಿನ್ನದ ನೀರು ಕೊಟ್ಟು, ಅಂದದ ಪೆಟ್ಟಿಗೆಯಲ್ಲಿಟ್ಟು ಮಾರಿದ್ದಾರೆ. ಮಿಂಟಿನಿಂದ ಹೊರಬಂದ ಮೇಲೆ ಬಳಿದ ಬಣ್ಣಕ್ಕೆ ಸಂಗ್ರಾಹಕರು ಬೆಲೆ ಕೊಡುವುದಿಲ್ಲ, ಬೆಲೆ ಕಡಿಮೆ ಮಾಡುತ್ತಾರೆ.

ಬಣ್ಣದ ನಾಣ್ಯ ಎಂದಾಗ ಒಂದು ಕಥೆ ನೆನಪಾಗುತ್ತದೆ, ಬೆಲೆಗೂ ಅದಕ್ಕೂ ಸಂಬಂಧವಿಲ್ಲ. ಚಲಾವಣೆಯ ನಾಣ್ಯಕ್ಕೆ ಬಣ್ಣ ಹಾಕಿದ ಮೊದಲ ದೇಶ ಕೆನಡಾ. 2004ರಲ್ಲಿ ಯುದ್ಧದಲ್ಲಿ ಮಡಿದವರ ನೆನಪಿಗೆ ನಾಲ್ಕಾಣೆಯ ನಡುವೆ ಕೆಂಪು ಗಸಗಸೆ ಹೂ ಮೂಡಿಸಿದರು. ಅಮೆರಿಕದ ಸೇನೆಗೆ ಕೆಲಸ ಮಾಡುವ ಕೆಲವು ಗುತ್ತಿಗೆದಾರರು ಕೆನಡಾಕ್ಕೆ ಹೋದಾಗ ಜೇಬಿನಲ್ಲಿ ಈ ನಾಣ್ಯ ಕಂಡು, ಬಣ್ಣದ ಮೇಲಿನ ರಕ್ಷಣಾ ಲೇಪವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಇದೇನೋ ಬೇಹುಗಾರಿಕೆಯ ಸಾಧನ ಎಂದು ವರದಿ ಬರೆದರು! 2007ರಲ್ಲಿ ವಿಷಯ ಹೊರಬಿದ್ದು ಎಲ್ಲರೂ ನಕ್ಕರು. ನಾಣ್ಯವನ್ನು ಎಷ್ಟು ಹತ್ತಿರದಿಂದ ನೋಡಿದರೂ ತಲೆಯಲ್ಲಿ ಮೊದಲೇ ಕೂತಿರುವುದೇ ಕಾಣುತ್ತದೆ ಎಂದು ನನ್ನ ಗಿರಾಕಿಗಳಿಗೆ ಹೇಳುವಾಗ ಈ ಕಥೆ ಉಪಯೋಗಕ್ಕೆ ಬರುತ್ತದೆ.

ನಿಮ್ಮ ಒಂದು ಡಾಲರಿನ ಏಳರಲ್ಲಿ, ಕಲ್ಲು ಪೇರಿಸಿ ಮಾಡಿದ ಮನುಷ್ಯಾಕೃತಿ ಇರುವುದು ಒಂದು ಐದನೆಯ ಫೋಟೊದಲ್ಲಿ ಕಾಣುತ್ತದೆ. ಅದು 2010ರ 'ಲಕ್ಕಿ ಲೂನಿ'. ಲೂನ್ ಎಂಬ ನೀರುಹಕ್ಕಿಯ ಚಿತ್ರವಿರುವುದರಿಂದ ಕೆನಡಾದವರು ತಮ್ಮ ಡಾಲರ್ ನಾಣ್ಯಕ್ಕೆ ಲೂನಿ ಎನ್ನುತ್ತಾರೆ. ಅದೃಷ್ಟ ಎಲ್ಲಿಂದ ಸೇರಿತು ಎಂದರೆ, 2002ರ ಸಾಲ್ಟ್ ಲೇಕ್ ಸಿಟಿ ಒಲಿಂಪಿಕ್ಸ್‌ಗೆ ಎಡ್ಮಂಟನ್‌ನಿಂದ ಹೋಗಿದ್ದ ಟ್ರೆಂಟ್ ಇವಾನ್ಸ್ ಎಂಬ ಮಂಜುಗಡ್ಡೆಯ ಅಂಕಣ ಸಿದ್ಧಪಡಿಸುವಾತ, ಅಂಕಣದ ನಟ್ಟನಡುವೆ ಮಂಜಿನಡಿಯಲ್ಲಿ ಗುಟ್ಟಾಗಿ ಒಂದು ಲೂನಿ ಹೂತಿಟ್ಟ. ಮಹಿಳೆಯರ ತಂಡ ಚಿನ್ನ ಗೆದ್ದಿತು. ಪುರುಷರ ತಂಡ ಐವತ್ತು ವರ್ಷಗಳ ನಂತರ ಮೊದಲ ಬಾರಿಗೆ ಚಿನ್ನ ಗೆದ್ದಿತು, ಅದೂ ಅಮೆರಿಕವನ್ನು ಅದರ ನೆಲದಲ್ಲೇ 5–2ರಿಂದ ಸೋಲಿಸಿ. ಅಡಿಪಾಯಕ್ಕೆ ನವರತ್ನ ಹಾಕುವ ನಮಗೆ ಇದು ಹೊಸದೇನೂ ಅಲ್ಲ. ಆ ನಾಣ್ಯವನ್ನು ಅಗೆದು ತೆಗೆದು ಹಾಕಿಯ ವಸ್ತುಸಂಗ್ರಹಾಲಯಕ್ಕೆ ಕೊಟ್ಟರು. ಮಿಂಟ್ 2004ರಿಂದ ಒಲಿಂಪಿಕ್ಸ್ ಬಂದಾಗಲೆಲ್ಲ ಲಕ್ಕಿ ಲೂನಿ ಹೊರಡಿಸತೊಡಗಿತು. ಬೆಲೆಯೇ? ಒಂದು ಡಾಲರ್. ಆದರೆ ಏಳರಲ್ಲಿ ಒಂದನ್ನು ಮಾತ್ರ ಇಟ್ಟುಕೊಳ್ಳಬೇಕೆಂದರೆ ನಾನು ಅದನ್ನೇ ಇಟ್ಟುಕೊಳ್ಳುತ್ತೇನೆ.

ಹುಣಸೆಹಣ್ಣಿನ ವಿಷಯದಲ್ಲಿ ನಿಮ್ಮನ್ನು ಬೈಯುವ ಅಧಿಕಾರ ನನಗಿಲ್ಲ. ಹದಿನೇಳನೆಯ ವಯಸ್ಸಿನಲ್ಲಿ ಅಜ್ಜನ ಕಾಲದ ಬೆಳ್ಳಿ ರೂಪಾಯಿಯೊಂದನ್ನು ಹಲ್ಲುಪುಡಿ ಹಾಕಿ ತಿಕ್ಕಿ, ಅದರ ಮುಕ್ಕಾಲು ಬೆಲೆಯನ್ನು ಬಚ್ಚಲಿಗೆ ಬಿಟ್ಟವನು ನಾನು. ಮೂರನೆಯ ಫೋಟೊವನ್ನು ದೊಡ್ಡದು ಮಾಡಿ ನೋಡಿ. ಎಡಗಡೆಯ ಸ್ನೋಬೋರ್ಡಿಂಗ್ ನಾಣ್ಯ ತಿಕ್ಕದ್ದು. ಸ್ವಲ್ಪ ಮಂಕಾಗಿದ್ದರೂ ಓರೆ ಮಾಡಿದರೆ ಬೆಳಕು ಚಕ್ರದ ಅರಗಳಂತೆ ನಡುವಿನಿಂದ ಅಂಚಿಗೆ ಹರಡಿ ತಿರುಗುತ್ತದೆ. ಅಚ್ಚಿನ ಹೊಡೆತಕ್ಕೆ ಲೋಹ ಹೊರಕ್ಕೆ ಹರಿದ ಗುರುತು ಅದು, ಒಮ್ಮೆ ಹೋದರೆ ಮತ್ತೆ ಬಾರದು. ಬಲಗಡೆಯದು ತಿಕ್ಕಿದ್ದು. ಎಲ್ಲ ಕಡೆಯೂ ಒಂದೇ ಸಮನೆ ಹೊಳೆಯುತ್ತದೆ, ನಾಣ್ಯದ ಇನ್ನೊಂದು ಬದಿಯಲ್ಲಿರುವ ರಾಣಿ ಎಲಿಜಬೆತ್ ಅವರ ಕೆನ್ನೆಯ ಮೇಲೆ ಕೂದಲೆಳೆಯಂಥ ಗೀರುಗಳು ಒಂದೇ ದಿಕ್ಕಿಗೆ ಓಡಿವೆ. ನಾಣ್ಯ ನೋಡಿ ಅಭ್ಯಾಸವಿರುವವರು ಒಂದೇ ನೋಟಕ್ಕೆ ಗುರುತಿಸುತ್ತಾರೆ. ದೇವರ ಹಿತ್ತಾಳೆ ದೀಪಕ್ಕೆ ಹುಣಸೆ ಸರಿ. ಇದಕ್ಕೆ ಇನ್ನೂ ಒಂದು ಕಾರಣಕ್ಕೆ ಸಲ್ಲದು: ಒಳಗಿರುವುದು ಉಕ್ಕು. ಮೇಲಿನ ಪದರ ಎಲ್ಲಾದರೂ ಸವೆದಿದ್ದರೆ ಹುಳಿಯೂ ತೇವವೂ ಅಲ್ಲಿಂದ ಒಳಗಿಳಿಯುತ್ತವೆ. ಅದೇ ಫೋಟೊದಲ್ಲಿ ಅಂಚಿನುದ್ದಕ್ಕೆ ಕಂದು ಗೆರೆ ಕಾಣುತ್ತಿದೆಯಲ್ಲ, ಅದು ಕೊಳೆಯಲ್ಲ, ತುಕ್ಕು. ಕರಾವಳಿಯ ಮಳೆಗಾಲವನ್ನು ಇಷ್ಟು ಸಲ ಅಟ್ಟದ ಮೇಲೆ ಕಳೆದ ನಾಣ್ಯ ಇನ್ನೇನಾದೀತು?

ಆದದ್ದು ಆಯಿತು. ತಿಕ್ಕಿದ ನಾಲ್ಕೈದು ಮುಖಬೆಲೆಗೇ ಹೋಗುವಂಥವು, ನಷ್ಟ ದೊಡ್ಡದಲ್ಲ. ಉಳಿದವನ್ನು ಮುಟ್ಟಬೇಡಿ. ಅಂಟು, ಜಿಡ್ಡು ಇದ್ದರೆ ಬೆಚ್ಚಗಿನ ನೀರಿನಲ್ಲಿ ಅದ್ದಿ, ಉಜ್ಜದೆ, ಮೆತ್ತನೆಯ ಹತ್ತಿಬಟ್ಟೆಯ ಮೇಲೆ ಒತ್ತಿ, ಪೂರ್ತಿ ಒಣಗಿಸಿ. ಮೆತ್ತನೆಯ ಪಿವಿಸಿ ಚೀಲಗಳಲ್ಲಿ ಹಾಕಿಡಬೇಡಿ, ಕೆಲವು ವರ್ಷದಲ್ಲಿ ಹಸಿರು ಅಂಟು ಬಿಡುತ್ತವೆ. ರಬ್ಬರ್ ಬ್ಯಾಂಡ್ ಕೂಡ ಬೇಡ. ಮುಚ್ಚಳ ಬಿಗಿಯಾದ ಗಾಜಿನ ಭರಣಿ, ಅದರೊಳಗೆ ಹೊಸ ಚಪ್ಪಲಿಯ ಪೆಟ್ಟಿಗೆಯಲ್ಲಿ ಬರುವಂಥ ಸಿಲಿಕಾ ಜೆಲ್ ಪೊಟ್ಟಣ ಎರಡು, ಇಷ್ಟು ಸಾಕು.

ಹಾಗಾದರೆ ಈ ಹದಿನೈದು ಬಗೆಗಳಲ್ಲಿ ಮುಖಬೆಲೆ ಮೀರಿದ್ದು ಏನೂ ಇಲ್ಲವೇ? ಇದೆ, ಎರಡು. ಎರಡನ್ನೂ ನೀವೇ ಮನೆಯಲ್ಲಿ ಕೂತು ನೋಡಬಹುದು. ಮೊದಲನೆಯದು ಪುರುಷರ ಹಾಕಿಯ ನಾಣ್ಯದ್ದು. ಆಟಗಾರನ ಬದಿಯಲ್ಲಿ '2' ಎಂಬ ಅಂಕಿ ಇದೆ. ಸಾಮಾನ್ಯ ನಾಣ್ಯದಲ್ಲಿ ಅದು ಒಳಕ್ಕೆ ಕೊರೆದಂತಿರುತ್ತದೆ. ಕೆಲವದರಲ್ಲಿ ಮೇಲಕ್ಕೆ ಉಬ್ಬಿರುತ್ತದೆ. ಉಬ್ಬಿದ್ದು ಕಡಿಮೆ, ಅದನ್ನು ಸಂಗ್ರಾಹಕರು ಹುಡುಕುತ್ತಾರೆ. ದೀಪವನ್ನು ನೆತ್ತಿಯ ಮೇಲಿಂದ ಬೀಳಿಸದೆ ಪಕ್ಕದಿಂದ ಬೀಳಿಸಿ ನೋಡಿ, ಇಲ್ಲವಾದರೆ ಕಣ್ಣು ಮೋಸ ಹೋಗುತ್ತದೆ. ಉಗುರನ್ನು ಮೆಲ್ಲಗೆ ಆಡಿಸಿದರೂ ಗೊತ್ತಾಗುತ್ತದೆ.

ಎರಡನೆಯದು ಅದಕ್ಕಿಂತ ಸ್ವಾರಸ್ಯದ್ದು. ನಾಣ್ಯ ಹೊಡೆಯಲು ಎರಡು ಅಚ್ಚು ಬೇಕು, ಮೇಲಿನದು ಒಂದು, ಕೆಳಗಿನದು ಒಂದು. ಹತ್ತು ಒಲಿಂಪಿಕ್ ಆಟಗಳಿಗೆ ರಾಣಿಯ ಬದಿಯಲ್ಲಿ ಒಲಿಂಪಿಕ್ಸಿನ ಲಾಂಛನ ಇಟ್ಟರು, ನಿಮ್ಮ ಲೂನಿಯ ಮೇಲಿರುವ ಅದೇ ಕಲ್ಲಿನ ಮನುಷ್ಯಾಕೃತಿ, ಚಿಕ್ಕದಾಗಿ. ವೀಲ್‌ಚೇರ್ ಕರ್ಲಿಂಗ್ ಪ್ಯಾರಾಲಿಂಪಿಕ್ಸಿನ ಆಟವಾದ್ದರಿಂದ ಅದರ ರಾಣಿಯ ಬದಿಗೆ ಬೇರೆ ಲಾಂಛನ, ಬೆಟ್ಟದ ಸಾಲಿನಂತೆ ಕಾಣುವಂಥದ್ದು. ಪ್ಯಾರಾಲಿಂಪಿಕ್ಸ್ ಆಟವನ್ನು ಚಲಾವಣೆಯ ನಾಣ್ಯದ ಮೇಲೆ ತಂದದ್ದು ಇದೇ ಮೊದಲು ಎಂದು ಮಿಂಟ್ ಹೆಮ್ಮೆಯಿಂದ ಹೇಳಿಕೊಂಡಿತ್ತು. ಆ ಹೆಮ್ಮೆಯ ನಾಣ್ಯದಲ್ಲೇ ಎಡವಟ್ಟಾಯಿತು. ಯಂತ್ರಕ್ಕೆ ಅಚ್ಚು ಜೋಡಿಸುವಾಗ ಯಾರೋ ಒಂದಕ್ಕೆ ಇನ್ನೊಂದನ್ನು ಹಾಕಿದರು, ಕೆಲವು ವೀಲ್‌ಚೇರ್ ಕರ್ಲಿಂಗ್ ನಾಣ್ಯಗಳು ಒಲಿಂಪಿಕ್ ಲಾಂಛನ ಹೊತ್ತು ಹೊರಬಂದವು. ಎರಡು ಬೇರೆ ಜಾತಿಯ ಅಚ್ಚುಗಳಿಂದ ಹುಟ್ಟಿದ ನಾಣ್ಯಕ್ಕೆ ನಮ್ಮ ವ್ಯಾಪಾರದಲ್ಲಿ 'ಮ್ಯೂಲ್' ಎನ್ನುತ್ತೇವೆ, ಅಂದರೆ ಹೇಸರಗತ್ತೆ. ಅದು ಮುಖಬೆಲೆಯ ನೂರಾರು ಪಟ್ಟು ಬಾಳುತ್ತದೆ. ಆದರೂ ಲಕ್ಷದ ಮಾತಲ್ಲ, ಊರಿಗೆ ಹೋಗಿ ಬರುವ ರೈಲಿನ ಖರ್ಚಿನ ಮಾತು.

ಮೇಲ್ಮೈಯಲ್ಲಿ ಗುಳ್ಳೆ, ಎಲ್ಲೋ ಒಂದು ಅಕ್ಷರ ಮಸುಕು, ಪದರ ಕಿತ್ತ ಕಲೆ, ಇವನ್ನೆಲ್ಲ ದೋಷದ ನಾಣ್ಯ ಎಂದುಕೊಳ್ಳಬೇಡಿ. ಲೇಪ ಕೊಟ್ಟ ಉಕ್ಕಿನ ನಾಣ್ಯಗಳಲ್ಲಿ ಅದು ಮಾಮೂಲಿ.

ಕಾನೂನಿನ ಭಯ ಬಿಡಿ. ವಿದೇಶಿ ನೋಟುಗಳನ್ನು ಇಟ್ಟುಕೊಳ್ಳಲು ಮಿತಿ ಇದೆ, ವಿದೇಶಿ ನಾಣ್ಯಗಳಿಗೆ ಮಿತಿ ಇಲ್ಲ. ವಿದೇಶಿ ವಿನಿಮಯ ಕಾಯ್ದೆಯ ಅಡಿಯಲ್ಲಿ ಮಾಡಿದ ನಿಯಮಗಳಲ್ಲಿಯೇ ಇದು ಸ್ಪಷ್ಟವಾಗಿದೆ. ಡಬ್ಬಿ ನಿಶ್ಚಿಂತೆಯಾಗಿ ನಿಮ್ಮ ಮನೆಯಲ್ಲಿರಬಹುದು.

ಇನ್ನು ಮಾಡುವುದೇನು. ನಮ್ಮ ಹಣ ಬದಲಿಸುವ ಅಂಗಡಿಗಳು ನೋಟು ತೆಗೆದುಕೊಳ್ಳುತ್ತವೆ, ನಾಣ್ಯ ಬೇಡ ಎನ್ನುತ್ತವೆ. ನನ್ನಂಥವರ ಬಳಿ ತಂದರೆ ಕ್ರೀಡೆಯ ನಾಲ್ಕಾಣೆಗಳನ್ನು ಕೆಲವರು ತೂಕದ ಲೆಕ್ಕಕ್ಕೆ ಕೊಳ್ಳುತ್ತಾರೆ. ನಿಮ್ಮ 186 ನಾಣ್ಯಗಳೂ ಈ ಉಕ್ಕಿನವೇ ಆದರೆ ಒಟ್ಟು ಎಂಟುನೂರು ಗ್ರಾಂ ಚಿಲ್ಲರೆ. ಸಿಗುವುದು ಮುಖಬೆಲೆಯ ಒಂದು ಚೂರು. ನಿಮ್ಮ ದಾರಿ ಖರ್ಚು ಕಳೆದರೆ ಉಳಿಯುವುದು ಕಾಫಿಗೆ. ಅದಕ್ಕಾಗಿ ಬೆಂಗಳೂರಿಗೆ ಬರಬೇಡಿ. ಜಾಲತಾಣದಲ್ಲಿ ನೀವೇ ಮಾರಬಹುದು. ಆದರೆ ನಾಣ್ಯವನ್ನು ಸಾಮಾನ್ಯ ಅಂಚೆಯಲ್ಲಿ ವಿದೇಶಕ್ಕೆ ಕಳುಹಿಸುವಂತಿಲ್ಲ, ವಿಮೆ ಮಾಡಿದ ಅಂಚೆಯಲ್ಲಿ ಕಳುಹಿಸಿದರೆ ಖರ್ಚು ನಾಣ್ಯವನ್ನು ಮೀರುತ್ತದೆ. ದರ್ಜೆ ಹಾಕಿ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಮುಚ್ಚಿ ಕೊಡುವ ಸಂಸ್ಥೆಗಳಿವೆ, ಹೇಸರಗತ್ತೆ ಸಿಕ್ಕರೆ ಮಾತ್ರ ಅದರ ಬಗ್ಗೆ ಯೋಚಿಸಿ.

ನನಗೆ ಹಿಡಿಸುವ ದಾರಿ ಬೇರೆ. ಈ ನಾಣ್ಯಗಳು ಇವತ್ತಿಗೂ ಕೆನಡಾದಲ್ಲಿ ಹಣವೇ. ನಮ್ಮ 1982ರ ಏಷ್ಯನ್ ಕ್ರೀಡಾಕೂಟದ ನಾಲ್ಕಾಣೆಯನ್ನು ನೆನಪಿಸಿಕೊಳ್ಳಿ. 2011ರ ಜೂನ್ 30ರ ಹೊತ್ತಿಗೆ 25 ಪೈಸೆಯ ಚಲಾವಣೆಯೇ ನಿಂತುಹೋಗಿ ಅದು ಬರೀ ನೆನಪಾಯಿತು. ಅವರ ನಾಲ್ಕಾಣೆ ಇನ್ನೂ ಓಡುತ್ತಿದೆ. ಊರಿನ ಯಾರಾದರೂ, ವಿದ್ಯಾರ್ಥಿಯೋ ನೆಂಟರೋ, ಕೆನಡಾಕ್ಕೆ ಹೊರಟಾಗ ಕೊಟ್ಟು ಕಳುಹಿಸಿ. ಎಲ್ಲವನ್ನೂ ಒಂದೇ ಅಂಗಡಿಯಲ್ಲಿ ಸುರಿಯಬೇಡಿ ಎಂದು ಹೇಳಿ, ಒಂದು ವ್ಯವಹಾರಕ್ಕೆ 25 ಸೆಂಟಿನ ನಾಣ್ಯಗಳಲ್ಲಿ 10 ಡಾಲರ್ ಮೀರಿ ಕೊಟ್ಟರೆ ಅಂಗಡಿಯವನು ತೆಗೆದುಕೊಳ್ಳಲೇಬೇಕೆಂದಿಲ್ಲ, ಅಲ್ಲಿನ ಕಾನೂನು ಹಾಗಿದೆ. ಬ್ಯಾಂಕಿಗೆ ಕೊಡುವುದಾದರೆ 40 ನಾಣ್ಯಗಳ ಸುರುಳಿ ಕಟ್ಟಿದರೆ ಸರಿಯಾಗಿ 10 ಡಾಲರ್. ಚಿಲ್ಲರೆ ಎಣಿಸುವ ಯಂತ್ರಗಳೂ ಇವೆ, ಅವು ತಮ್ಮ ಪಾಲು ಹಿಡಿದುಕೊಳ್ಳುತ್ತವೆ. ಕಳುಹಿಸುವ ಮೊದಲು ಹನ್ನೆರಡು ಆಟಗಳದ್ದೂ ಮೂರು ಗೆಲುವುಗಳದ್ದೂ ಒಂದೊಂದು, ಇದ್ದುದರಲ್ಲಿ ಚೆನ್ನಾಗಿರುವುದನ್ನು, ಲಕ್ಕಿ ಲೂನಿಯ ಜೊತೆ ಆರಿಸಿ ಇಟ್ಟುಕೊಳ್ಳಿ. ಪೂರ್ತಿ ಆಗದಿದ್ದರೂ ಪರವಾಗಿಲ್ಲ. ಖರ್ಚು ನಾಲ್ಕೂಮುಕ್ಕಾಲು ಡಾಲರ್.

ಕೊನೆಯದಾಗಿ ಒಂದು ಕೆಲಸ. ನಿಮ್ಮ ನಾಲ್ಕನೆಯ ಫೋಟೊದಲ್ಲಿ ಸಾಲಾಗಿ ಮೂರು ವೀಲ್‌ಚೇರ್ ಕರ್ಲಿಂಗ್ ನಾಣ್ಯಗಳಿವೆ. ಮೂರರದ್ದೂ ಆಟಗಾರನ ಬದಿಯನ್ನೇ ತೋರಿಸಿದ್ದೀರಿ. ಅವನ್ನು ಮಗುಚಿ, ಕಿಟಕಿಯ ಬೆಳಕಿನಲ್ಲಿಟ್ಟು, ರಾಣಿಯ ಬದಿಯ ಫೋಟೊ ಕಳುಹಿಸಿ. ತಿಕ್ಕಬೇಡಿ.